ಐದನೆಯ ನಿಯಮ

ಎಂಟು ಪದಗಳ ವಾಕ್ಯ ಕೊಟ್ಟರೆ ಕಂಪ್ಯೂಟರ್ ಆರೇ ಪದಗಳ ವ್ಯಾಕರಣದ ಮರ ಕಟ್ಟಿ, 'ವಾಕ್ಯ ಸರಿಯಾಗಿದೆ' ಎಂದು ಷರಾ ಬರೆಯಿತು. ಉಳಿದೆರಡು ಪದಗಳನ್ನು ಎಲ್ಲಿ ನುಂಗಿ ನೀರು ಕುಡಿಯಿತೋ! ಸಂಶೋಧನಾ ವಿದ್ಯಾರ್ಥಿನಿ ಮೂರು ದಿನದಿಂದ ಅವುಗಳ ಬೆನ್ನು ಹತ್ತಿದ್ದಳು. ಅವಳ ಪ್ರಬಂಧಕ್ಕೆ ಮಾರ್ಗದರ್ಶಕ ಮೇಷ್ಟ್ರ ಸಹಿ ಬೀಳಬೇಕಾದದ್ದು ಇವತ್ತು ಮಧ್ಯಾಹ್ನ.

ವಾಕ್ಯದ ರಚನೆಯನ್ನು ಕೊಂಬೆ ಕೊಂಬೆಯಾಗಿ ಮರದಂತೆ ಬಿಡಿಸಲು ಮೇಷ್ಟ್ರು ಹನ್ನೆರಡು ವರ್ಷದ ಹಿಂದೆ ಎಂಟು ನಿಯಮ ಬರೆದು ಹೆಸರು ಮಾಡಿದ್ದರು. ಪುಟ್ಟ ಮರವೊಂದನ್ನು ಗೆಣ್ಣಿನಲ್ಲಿ ಕತ್ತರಿಸಿ, ನಡುವೆ ಇನ್ನೊಂದು ಮರ ಸೇರಿಸಿ, ಕತ್ತರಿಸಿದ ಕೆಳಭಾಗವನ್ನು ಹೊಸ ಮರಕ್ಕೆ ತೂಗುಹಾಕುವುದು ಐದನೆಯದು. ಆ ನಿಯಮಗಳನ್ನೇ ಪ್ರೋಗ್ರಾಮಿಗೆ ಇಳಿಸಿದ್ದ ಅವಳು ಕಂಪ್ಯೂಟರಿನ ಒಂದೊಂದು ತೀರ್ಮಾನವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ತುಂಬ ಹರಡಿದ್ದಳು. ಮೂವತ್ತೊಂದನೆಯ ಚೀಟಿಯಲ್ಲಿ ಕೈ ನಿಂತಿತು. ಕೆಳಭಾಗದಲ್ಲಿ ಮೊದಲೇ ಪದಗಳಿಗೆಂದು ಬಿಟ್ಟ ಖಾಲಿ ಜಾಗವಿದ್ದರೆ, ಅದನ್ನು ನೆನಪಿಡಬೇಕೆಂದು ನಿಯಮ ಹೇಳಿಯೇ ಇರಲಿಲ್ಲ; ಎರಡು ಪದ ಉದುರಿಹೋದದ್ದು ಅಲ್ಲೇ. ತಾನೇ ತಪ್ಪಾಗಿ ಇಳಿಸಿಕೊಂಡೆನೇನೋ ಎಂದು ಮೇಷ್ಟ್ರ ಲೇಖನ ತೆರೆದಳು. ಒಂದಕ್ಷರವೂ ಆಚೀಚೆ ಆಗಿರಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಅವಳಿಗಿಂತ ಎರಡು ವರ್ಷ ಹಿರಿಯ ಸಂಶೋಧಕನಿದ್ದ. ಯಾವ ಪ್ರೋಗ್ರಾಮಿನ ತೂತಿಗಾದರೂ ತೇಪೆ ಹಾಕಬಲ್ಲವನಾದ್ದರಿಂದ ಎಲ್ಲರ ಬಾಯಲ್ಲೂ ತೇಪೆರಾಯ. ಅವಳ ಕೈಯ ಚೀಟಿಯನ್ನು ಬಗ್ಗಿ ನೋಡಿದ.

"ಐದನೇದಾ? ನನಗೂ ಕೈ ಕೊಟ್ಟಿತ್ತು. ಪ್ರೋಗ್ರಾಮಿಗೆ ಒಂದು ಸಾಲು ಸೇರಿಸ್ದೆ, ಸರಿಹೋಯ್ತು. ನನಗಿಂತ ಮುಂಚೆ ಇದ್ದೋರೂ ಹಾಗೇ ಮಾಡಿದ್ರಂತೆ."

"ಮೇಷ್ಟ್ರಿಗೆ ಯಾಕೆ ಹೇಳ್ಲಿಲ್ಲ?"

"ಅವರು ತಪ್ಪು ಬರೀತಾರಾ? ನನಗೇ ಅರ್ಥ ಆಗಿಲ್ಲ ಅಂದ್ಕೊಂಡೆ. ನೀನೂ ಸಾಲು ಸೇರಿಸಿ ಸುಮ್ನಿರು ತಾಯಿ. ಸಹಿ ಬೀಳೋ ದಿನ ಇಲ್ಲದ್ದನ್ನ ಮೈಮೇಲೆ ಎಳ್ಕೋಬೇಡ."

ಸೇರಿಸಿ ನೋಡಿದಳು. ಎಂಟೂ ಪದಗಳು ಮರವೇರಿ ಕುಳಿತವು. ಆದರೆ ಪ್ರಬಂಧದಲ್ಲಿ ಆ ತಪ್ಪು ನಿಯಮವನ್ನೇ ಮತ್ತೆ ಅಚ್ಚು ಹಾಕಬೇಕಲ್ಲ ಎನ್ನುವುದು ಗಂಟಲಲ್ಲಿ ಸಿಕ್ಕಿಕೊಂಡಿತು. ಚೀಟಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಮೇಷ್ಟ್ರ ಕೋಣೆಗೆ ಹೋದಳು. ಒಂದು ಸೊನ್ನೆ ತಪ್ಪಿದ್ದಕ್ಕೆ ಒಬ್ಬನನ್ನು ಸಹಿಗಾಗಿ ಆರು ತಿಂಗಳು ಕಾಯಿಸಿದ್ದ ಮನುಷ್ಯ ಅವರು. ಇವತ್ತು ಒಳ್ಳೆಯ ಲಹರಿಯಲ್ಲಿದ್ದರು, ಪೆನ್ನು ತೆರೆದೇ ಇತ್ತು.

"ಸಹಿಗೆ ಮುಂಚೆ ಇದನ್ನ ನೋಡಿ ಸರ್. ಐದನೇ ನಿಯಮ ತಪ್ಪಿದೆ."

"ನಿನ್ನ ಪ್ರೋಗ್ರಾಮಿನಲ್ಲಾ?"

"ಅಲ್ಲ ಸರ್. ನಿಮ್ಮ ಲೇಖನದಲ್ಲಿ."

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು. ಚೀಟಿಗಳನ್ನು ಒಂದೊಂದಾಗಿ ಮಗುಚಿ, ಮೂವತ್ತೊಂದನೆಯದಕ್ಕೆ ಬಂದು, ಹಿಂದಕ್ಕೆ ಹೋಗಿ, ಮತ್ತೆ ಬಂದರು. ಚಿಕ್ಕ ಮಕ್ಕಳಂತೆ ಬೆರಳು ಮಡಚಿ ಪದ ಎಣಿಸಿದರು. ಅವರ ಕಿವಿ ಕೆಂಪಗಾಯಿತು. ಆರು ತಿಂಗಳೋ ವರ್ಷವೋ ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದಳು.

"ಇದು ಬೇರೆ ಯಾರಿಗಾದ್ರೂ ಗೊತ್ತಾ?"

ತೇಪೆರಾಯನ ಹೆಸರೆತ್ತಲು ಮನಸ್ಸಾಗಲಿಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಎಲ್ಲರೂ ಒಂದೊಂದು ಸಾಲು ಸೇರಿಸ್ಕೊಂಡಿದ್ದಾರೆ ಸರ್. ತಮ್ಮದೇ ತಪ್ಪು ಅಂತ."

ಮೇಷ್ಟ್ರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಆಮೇಲೆ ಪ್ರಬಂಧ ಎಳೆದುಕೊಂಡು ಸಹಿ ಹಾಕಿದರು. ಎದ್ದು ಬಂದು, ತಮ್ಮ ಕೈಯಾರೆ ಕುರ್ಚಿಯೊಂದನ್ನು ಮೇಜಿನ ತಮ್ಮ ಬದಿಗೆ ಎಳೆದು ಹಾಕಿದರು.

"ಕೂತ್ಕೊಮ್ಮ. ತಿದ್ದುಪಡಿ ಬರೆಯೋಣ, ನಿನ್ನ ಹೆಸರು ಮೊದಲು." ಮೂವತ್ತೊಂದನೆಯ ಚೀಟಿಯನ್ನು ಎಲ್ಲಕ್ಕಿಂತ ಮೇಲಿಟ್ಟರು. "ನಿನ್ನ ಉಪಕಾರ ದೊಡ್ಡದು. ಹನ್ನೆರಡು ವರ್ಷದಿಂದ ಎಲ್ಲರೂ ನನಗೆ ಮರ್ಯಾದೆ ಕೊಟ್ಕೊಂಡೇ ಬಂದ್ರು. ನನ್ನನ್ನ ಓದಿದವಳು ನೀನೊಬ್ಬಳೇ."