ಸೈಲೆನ್ಸರಿನ ಬೀಗ

ವೀರಭದ್ರಪ್ಪ ತನ್ನ ಕಾರಿನ ಸೈಲೆನ್ಸರಿನ ಬಾಯಿಗೆ ಬೀಗ ಜಡಿದು ಎದ್ದು ನಿಂತ. ಹೊಗೆಯನ್ನು ತಡೆದು ಇಂಜಿನ್ನನ್ನೇ ಉಸಿರುಗಟ್ಟಿಸುವ ಹೊಸ ನಮೂನೆಯ ಬೀಗ ಅದು.

"ನಮ್ಮ ಓಣ್ಯಾಗ ಕಳ್ಳರ ಎಲ್ಲಿದಾರ್ರೀ?" ಎಂದಳು ಹೆಂಡತಿ ನೀಲಗಂಗಾ.

"ಮನ್ಯಾಗ ಅದಾಳಲ್ಲ ಒಬ್ಬಾಕಿ! ನಾ ಇಲ್ಲದಾಗ ಗಾಡಿ ಮುಟ್ಟಾಕಿ."

"ತವರಮನ್ಯಾಗಿದ್ದಾಗನ ಲೈಸೆನ್ಸ್ ತಗೊಂಡೀನ್ರಿ."

"ಲೈಸೆನ್ಸ್ ಎಮ್ಮಿಗೂ ಕೊಡ್ತಾರ. ರೊಟ್ಟಿ ಬಡಿಯೋ ಕೈಗೆ ಗೇರ್ ಹತ್ತೂದಿಲ್ಲ."

ಕಟ್ಟೆಯ ಮೇಲೆ ಕುಳಿತಿದ್ದ ತಾಯಿಗೂ ಎದುರುಮನೆಯವರಿಗೂ ಕೇಳುವಂತೆ ನಕ್ಕು, ಬೀಗದ ಕೈಯನ್ನು ಜೇಬಿಗಿಳಿಸಿದ. ನೀಲಗಂಗಾಳ ಮುಖ ಕೆಂಪೇರಿತು. ಅವಳು ಸರ್ರನೆ ಒಳಗೆ ಹೋದಳು.

ಬೇಸಿಗೆ ಕಳೆದ ಮೇಲೆ ಒಂದು ಮುಂಜಾನೆ, ಕೆಂಪು 'ಎಲ್' ಬರೆದ ಡ್ರೈವಿಂಗ್ ಸ್ಕೂಲಿನ ಕಾರು ಮನೆಯ ಮುಂದೆ ನಿಂತಿತ್ತು. ನೀಲಗಂಗಾ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಂದಳು. ವೀರಭದ್ರಪ್ಪ ಗೇಟಿನಾಚೆ ಬಂದು, ಎಳೆಬಿಸಿಲಿಗೆ ಗಾಜು ಕಣ್ಣು ಕುಕ್ಕುತ್ತಿದ್ದ ಕಾರಿಗೆ ಅಡ್ಡ ನಿಂತ.

"ಇಷ್ಟು ದಿನ ಆದ್ರೂ ಇನ್ನೂ ಕಲಿಯೂದೈತೇನು?" ಎಂದು ಹಂಗಿಸಿದ.

"ಕಲಿಯೂದಲ್ರಿ, ಕಲಿಸೂದೈತಿ. ಕೆಲಸಕ್ಕ ಸೇರೀನಿ," ಎನ್ನುತ್ತ ಅವಳು ಎಡಗಡೆಯ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡಳು.

"ನಿನ್ನ ಕೈಯಾಗ ಕಲಿಯೋ ಮಳ್ಳ ಯಾರು?"

ಸ್ಟೇರಿಂಗ್ ಹಿಡಿದು ಕುಳಿತಿದ್ದ ಅವನ ತಾಯಿ ಜೋರಾಗಿ ಹಾರ್ನ್ ಒತ್ತಿ, ಕಿಟಕಿಯಿಂದ ತಲೆ ಹೊರಹಾಕಿ ಗದರಿದಳು: "ಸರಿಯೋ ಬದಿಗೆ, ದಾರ್ಯಾಗ ಕೋಣನಂಗ ನಿಂತೀಯಲ್ಲ!"