ಒಂಟಿ ಕೋಣೆ

ಬೆಡ್‌ಪ್ಯಾನಿಗೆ ನೀರು ಬೆರೆಸಿದ್ದಾರೆ ಎಂಬುದು ಮುಚ್ಚಳ ತೆಗೆದ ಕೂಡಲೇ ನರ್ಸಿಗೆ ಗೊತ್ತಾಯಿತು. ಭೇದಿಯಾದರೆ ನೀರು ಹೀಗೆ ಮೇಲೆ ತಿಳಿಯಾಗಿ, ಬೇರೆಯಾಗಿ ನಿಲ್ಲುವುದಿಲ್ಲ. ಅವಳು ಮುಚ್ಚಳ ಮುಚ್ಚಿ ಅಜ್ಜಿಯ ಕಡೆ ತಿರುಗಿದಳು. ಗೋಡೆಗೆ ಒರಗಿ ಕೂತಿದ್ದ ಅಜ್ಜಿ, ಕಿಟಕಿಯಾಚೆ ತಮಗೇನೋ ಭಾರಿ ಕೆಲಸವಿದೆ ಎಂಬಂತೆ ಹೊರಗೇ ನೋಡುತ್ತಿದ್ದರು. ಪಕ್ಕದ ಸ್ಟೂಲಿನ ಮೇಲಿದ್ದ ಜಗ್ಗು ಅರ್ಧ ಖಾಲಿಯಾಗಿತ್ತು.

“ಹೊಟ್ಟೆ ಹೇಗಿದೆ ಅಜ್ಜಿ?”

“ಅಯ್ಯೋ, ಕೇಳಬೇಡ ಮಗಳೇ. ನಿಂತೇ ಇಲ್ಲ. ಬರೀ ನೀರು.”

“ನೀರು ಅನ್ನೋದು ಕಾಣ್ತಿದೆ. ಹೊಟ್ಟೇದೋ ಜಗ್ಗಿನದೋ ಅನ್ನೋದೊಂದೇ ಅನುಮಾನ.”

ಹೇಳಿದ ಮೇಲೆ ನರ್ಸಿಗೇ ನಾಚಿಕೆಯಾಯಿತು. ನಾಲ್ಕು ಜನರೆದುರು ತುಟಿ ಬಿಚ್ಚಲು ಹೆಣಗುವವಳು ಅವಳು. ಮಾಸ್ಕಿನ ಮರೆಯಿದ್ದರೆ ಮಾತ್ರ ಮಾತು ಹೇಗೋ ಜಾರಿ ಬರುತ್ತಿತ್ತು. ಅಜ್ಜಿ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ಚುಚ್ಚುವುದರಲ್ಲಿ ಅವರದ್ದೇ ಎತ್ತಿದ ಕೈ. ವೃದ್ಧರ ಆರೈಕೆಯ ಆ ಮನೆಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದೇ ಸೂಜಿಯಜ್ಜಿ ಎಂದು.

“ಸಿಕ್ಕಿಬಿದ್ದೆ, ಹೋಗ್ಲಿ ಬಿಡು,” ಎಂದರು ಅಜ್ಜಿ. “ಇನ್ನೂ ಸ್ವಲ್ಪ ಇದೆ ಅಂತ ಬರೆದುಬಿಡು. ನಿನ್ನ ಗಂಟೇನು ಹೋಗುತ್ತೆ?”

“ಹಾಗೆ ಬರೆದರೆ ಡಾಕ್ಟ್ರು ಮತ್ತೆ ಡ್ರಿಪ್ ಹಾಕ್ತಾರೆ.”

“ಹಾಕಲಿ. ಇನ್ನೊಂದು ಕೈ ಖಾಲಿ ಇದೆಯಲ್ಲ.”

ಅಂಟುಭೇದಿ ಹಿಡಿದು ಅಜ್ಜಿಯನ್ನು ಹೆಂಗಸರೆಲ್ಲ ಒಟ್ಟಿಗೆ ಮಲಗುವ ಹಾಲಿನಿಂದ ಈ ಒಂಟಿ ಕೋಣೆಗೆ ಸಾಗಿಸಿದಾಗ ಅವರು ಉಳಿಯುವ ನಂಬಿಕೆ ಯಾರಿಗೂ ಇರಲಿಲ್ಲ. ಕಣ್ಣು ಗುಳಿಬಿದ್ದು, ನಾಲಗೆ ಒಣಗಿ ಕಟ್ಟಿಗೆಯಾಗಿತ್ತು. ಈಗ ಭೇದಿ ನಿಂತು ಎರಡು ದಿನ ಕಳೆದಿತ್ತು. ನಿಯಮದ ಪ್ರಕಾರ ಅವರು ಹಾಲಿಗೆ ಮರಳಬೇಕು, ಕೋಣೆಯನ್ನು ಬ್ಲೀಚಿಂಗ್ ಹಾಕಿ ಉಜ್ಜಿ ಮುಂದಿನವರಿಗೆ ಸಿದ್ಧವಿಡಬೇಕು. ಇಡೀ ಕಟ್ಟಡಕ್ಕೆ ಅಂಥದ್ದು ಇದ್ದದ್ದು ಅದೊಂದೇ.

“ಇಲ್ಲಿಗೆ ಬಂದೋರೆಲ್ಲ ಯಾವಾಗ ಬಿಡ್ತೀರಿ ಅಂತ ಪ್ರಾಣ ತಿಂತಾರೆ. ನಿಮಗೆ ಒಬ್ಬರೇ ಬೇಜಾರಾಗಲ್ವಾ ಅಜ್ಜಿ?”

“ಬೇಜಾರಾಗೋಕೂ ಒಂಚೂರು ಜಾಗ ಬೇಕಲ್ವೇನೇ?” ಅಜ್ಜಿ ನಕ್ಕರು. “ಹುಟ್ಟಿದ ಮನೇಲಿ ಅಕ್ಕತಂಗೀರೆಲ್ಲ ಒಂದೇ ಚಾಪೆ. ಕೊಟ್ಟ ಮನೇಲಿ ಅತ್ತೆ, ನಾದಿನಿ. ಆಮೇಲೆ ಮಕ್ಕಳು, ಮೊಮ್ಮಕ್ಕಳು. ನನ್ನ ಮೇಲೆ ಯಾರದ್ದಾದ್ರೂ ಒಂದು ಕಾಲು ಇದ್ದೇ ಇರೋದು. ಇಲ್ಲಿ ಬಂದರೆ ಆ ಹಾಲಿನ ಪಾಯಿಖಾನೆ ಬಾಗಿಲಲ್ಲಿ ಮಂಚ ಕೊಟ್ಟಿರಿ. ಹೋಗೋರೆಲ್ಲ ನನ್ನ ಮಾತಾಡಿಸಿಯೇ ಹೋಗ್ತಾರೆ, ಬರೋರೆಲ್ಲ ವರದಿ ಒಪ್ಪಿಸ್ತಾರೆ.” ಅವರು ಬಾಗಿಲ ಕಡೆ ಗಲ್ಲ ತಿರುಗಿಸಿದರು. “ಅದರ ಮೇಲೆ ಏನು ಬರೆದು ಅಂಟಿಸಿದ್ದೀರಿ, ಓದು ನೋಡೋಣ.”

“ಅಪ್ಪಣೆಯಿಲ್ಲದೆ ಯಾರೂ ಒಳಗೆ ಬರಬಾರದು ಅಂತ.”

“ಹ್ಞಾ! ಅಷ್ಟು ಓದಿದ ಡಾಕ್ಟ್ರೇ ತಟ್ಟಿ, ಗೌನು ತೊಟ್ಟು ಒಳಗೆ ಬರ್ತಾರೆ. ಹೆತ್ತ ಮಗ ಒಂದು ದಿನ ಬಾಗಿಲು ತಟ್ಟಿದ್ದು ನಾ ಕಾಣೆ.”

ನರ್ಸು ಚಾರ್ಟು ಕೈಗೆತ್ತಿಕೊಂಡಳು. ಹಾಸ್ಟೆಲಿನಲ್ಲಿ ಅವಳದ್ದು ನಾಲ್ವರ ಕೋಣೆ. ಅಳು ಬಂದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುವುದು ಅವಳಿಗೆ ರೂಢಿಯಾಗಿತ್ತು. ಇನ್ನೊಂದು ದಿನ ಎಂದು ಬರೆಯಲು ಕೈ ತುರಿಸಿತು. ಆದರೆ ಅಷ್ಟರಲ್ಲಿ ಹಾಲಿನಲ್ಲಿ ಯಾರಿಗಾದರೂ ಶುರುವಾದರೆ? ಪ್ರತ್ಯೇಕವಿಡಲು ಜಾಗವಿಲ್ಲದೆ ಒಬ್ಬರಿಂದೊಬ್ಬರಿಗೆ ಹಬ್ಬಿದರೆ, ಅಜ್ಜಿಯ ಹಾಗೆ ಗಟ್ಟಿಯಾಗಿ ಎದ್ದು ಕೂರುವವರು ಅಲ್ಲಿ ಎಷ್ಟು ಮಂದಿ?

“ಏಳಿ ಅಜ್ಜಿ,” ಎಂದಳು, ನೆಲ ನೋಡುತ್ತಾ.

ಹೊರಟ ಅಜ್ಜಿ ಬಾಗಿಲನ್ನು ತಾವೇ ಮೆಲ್ಲಗೆ ಎಳೆದುಕೊಂಡು, ಚಿಲಕ ಕೂತಿತೋ ಇಲ್ಲವೋ ಎಂದು ತಳ್ಳಿ ನೋಡಿದರು.

ವಾರ ಕಳೆದಿರಲಿಲ್ಲ, ಹಾಲಿನಲ್ಲಿ ಬೆಳಗಾಗುವುದರೊಳಗೆ ಇಬ್ಬರಿಗೆ ಶುರುವಾಯಿತು. ನರ್ಸು ಗೌನು ತೊಟ್ಟು ಓಡಿದಳು. “ಇವರಿಬ್ಬರ ತಟ್ಟೆ, ಲೋಟ, ಬಟ್ಟೆ ಯಾರೂ ಮುಟ್ಟಬೇಡಿ. ಎಲ್ಲರೂ ಸೋಪು ಹಾಕಿ ಕೈ ತೊಳೀರಿ,” ಎಂದು ಎಂದೂ ಇಲ್ಲದಷ್ಟು ಗಟ್ಟಿಯಾಗಿ ಕೂಗಿ ಹೇಳಿದಳು. ಒಬ್ಬಾಕೆಯ ಒದ್ದೆ ಹಾಸಿಗೆ ಬಟ್ಟೆ ಸುತ್ತಿ ಚೀಲಕ್ಕೆ ತುಂಬಿ ತಲೆಯೆತ್ತಿದರೆ, ಇನ್ನೊಬ್ಬಾಕೆಯ ಮಂಚದ ಬಳಿ ಸೂಜಿಯಜ್ಜಿ ನಿಂತಿದ್ದರು. ಆಕೆ ಕುಡಿದು ಮಿಗಿಸಿದ್ದ ನೀರಿನ ಲೋಟವನ್ನು ಕಚ್ಚಿ ಕುಡಿಯುತ್ತಿದ್ದರು.

“ಅಜ್ಜೀ! ಅದು ಅವರ ಎಂಜಲು!”

ಅಜ್ಜಿ ಕೊನೆಯ ಗುಟುಕನ್ನೂ ಬಿಡದೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು.

“ಗೊತ್ತು ಕಣೇ. ಹತ್ತೋಕೆ ಎಷ್ಟು ಹೊತ್ತು ಬೇಕು?”

“ಹೋದ ಸಲ ಸತ್ತೇಹೋಗ್ತಿದ್ರಿ ಅಜ್ಜಿ…”

“ಸಾಯಲಿಲ್ಲವಲ್ಲ. ಚೆನ್ನಾಗಿದ್ದೆ.”

ಒಂದೇ ಕಾಯಿಲೆಯವರು ಹೆಚ್ಚಾದರೆ ಅವರನ್ನೆಲ್ಲ ಒಂದೇ ಕೋಣೆಗೆ ಸೇರಿಸಬೇಕೆಂಬುದೂ ನಿಯಮವೇ ಎಂದು ಹೇಗೆ ಹೇಳುವುದೆಂದು ನರ್ಸು ಒದ್ದಾಡುತ್ತಿರುವಾಗ, ಹೊರಗೆ ಖಾಲಿ ಮಂಚವೊಂದರ ಗಾಲಿಗಳು ಕಿರ್ರೆಂದು ಉರುಳಿ ಹೋಗಿ, ಆ ಒಂಟಿ ಕೋಣೆಯೊಳಗೆ ನಿಂತ ಸದ್ದಾಯಿತು. ಹಿಂದೆಯೇ ಆಯಾಳ ಗೆಲುವಿನ ದನಿ ಕೇಳಿತು:

“ಸಿಸ್ಟರ್, ಎರಡನೇ ಮಂಚಾನೂ ಹಿಡೀತು! ಒತ್ತರಿಸಿದರೆ ಇನ್ನೊಂದಕ್ಕೂ ಜಾಗ ಆಗುತ್ತೆ!”