ಕೈಯಲ್ಲಿ ಮಿಕ್ಕ ಮುಲಾಮು

ಬೆರಳಿನ ಇಸುಬಿಗೆ ಇವತ್ತು ಮುಲಾಮು ಹಚ್ಚಿಕೊಂಡೆ. ಅದರ ವಾಸನೆಗೆ, ತೀರಿಹೋದ ಅಮ್ಮ ನೆನಪಾದಳು.

ಶಿಡ್ಲಘಟ್ಟದಲ್ಲಿ ಅಮ್ಮ ಬಿಸಿನೀರಿಗೆ ಕೈಯಿಟ್ಟು ಗೂಡಿನಿಂದ ರೇಷ್ಮೆ ನೂಲು ತೆಗೆಯುತ್ತಿದ್ದಳು. ಅಂಗೈ ಕೆಂಪಗೆ ಬಿರಿದಿತ್ತು. ಒಂದು ಮಧ್ಯಾಹ್ನ ಡಾಕ್ಟರು ಕೊಟ್ಟ ಮುಲಾಮನ್ನು ಕೆಂಪಾದಲ್ಲಿಗಷ್ಟೇ ತೆಳ್ಳಗೆ ಸವರಿಕೊಂಡಳು. ತಲೆಗೆ ಎಣ್ಣೆ ಹಚ್ಚಿದಾಗಲೆಲ್ಲ ಕೈಯಲ್ಲಿ ಮಿಕ್ಕಿದ್ದನ್ನು ನನ್ನ ಕೆನ್ನೆಗೆ ಒರೆಸುವುದು ಅವಳ ರೂಢಿ. ಅಂದೂ ನಾನು ಮುಖ ಚಾಚಿದೆ.

“ಮಿಕ್ಕಿದ್ದು ಮಗೀಗೆ ಸವರೇ, ಯಾಕ್ ಹಾಳ್ಮಾಡ್ತೀಯ?” ಎಂದರು ಅಜ್ಜಿ.

“ಇದು ಎಣ್ಣೆ ಅಲ್ಲತ್ತೆ. ಮುಖಕ್ಕೆ ಹಚ್ಚಿದ್ರೆ ಚರ್ಮ ತೆಳ್ಳಗಾಗತ್ತಂತೆ, ಡಾಕ್ಟ್ರು ಹೇಳವ್ರೆ.”

ನನ್ನ ಮುಖ ಸಪ್ಪಗಾಯಿತು. ಅಮ್ಮ ಬಗ್ಗಿ ತನ್ನ ಕೆನ್ನೆಯನ್ನೇ ನನ್ನ ಕೆನ್ನೆಗೆ ಒತ್ತಿದಳು. ಎರಡೂ ಕೈಗಳನ್ನು ಮಾತ್ರ ನನಗೆ ತಾಗದಂತೆ ದೂರ ಹಿಡಿದಿದ್ದಳು.